ಬಿಟ್ಟು ಓದಿದ ಸಾಲು

"ಎಡಗಿವಿಗೆ ಬೇಡ," ಎಂದು ಅವಳು ದರ್ಜಿಯಕ್ಕನ ಮಣಿಕಟ್ಟು ಹಿಡಿದುಕೊಂಡಳು.

ಪಕ್ಕದ ಮನೆಯ ದರ್ಜಿಯಕ್ಕ ಹತ್ತಿಯ ಉಂಡೆಯನ್ನು ಬೆರಳ ತುದಿಯಲ್ಲಿ ಹಿಡಿದು ಹಾಗೆಯೇ ನಿಂತಳು. ಅವಳ ಗಂಡನ ಹೆಣದ ಮೂಗಿಗೆ ಇಟ್ಟಾಗಿತ್ತು, ಬಲಗಿವಿಗೂ ಇಟ್ಟಾಗಿತ್ತು.

"ಇಡದೇ ಇದ್ರೆ ಹೇಗಮ್ಮ? ಮಧ್ಯಾಹ್ನದ ತನಕ ಮನೇಲಿ ಇಟ್ಕೋಬೇಕು."

"ಪೆಟ್ಟಿಗೆ ಮುಚ್ಚೋ ಮುಂಚೆ ನಾನೇ ಇಡ್ತೀನಿ."

ದರ್ಜಿಯಕ್ಕ ವಾದ ಮಾಡಲಿಲ್ಲ. ಒಂದೇ ಗೋಡೆಯ ಈಚೆ ಆಚೆ ಇಷ್ಟು ವರ್ಷ ಬದುಕಿದವಳಿಗೆ ಆ ಕಿವಿಯ ಕತೆ ಗೊತ್ತಿತ್ತು. ಸತ್ತವನು ಮೂವತ್ತೊಂದು ವರ್ಷ ಕಾರ್ಖಾನೆಯ ಬಾಯ್ಲರುಗಳ ಹೊಟ್ಟೆಯೊಳಗೆ ಕೂತು ಒಳಗೆ ಕಟ್ಟಿದ ಸುಣ್ಣದ ಹಕ್ಕಳೆ ಕುಟ್ಟಿ ತೆಗೆದವನು. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದ ಕಿಂಡಿಯಿಂದ ಇಳಿದು, ಮೈ ಮಡಚಿ ಕೂತು, ದಿನವಿಡೀ ಕಬ್ಬಿಣದ ಮೇಲೆ ಸುತ್ತಿಗೆ. ಆ ಸದ್ದಿಗೆ ಹೊರಗೆ ಹೋಗಲು ದಾರಿಯಿಲ್ಲ, ಕಿವಿಗೇ ನುಗ್ಗಬೇಕು. ಬಲಗಿವಿ ಹತ್ತನೇ ವರ್ಷಕ್ಕೆ ಕೈಕೊಟ್ಟಿತು. ಎಡಗಿವಿಗೆ ಬಾಯಿ ಹಚ್ಚಿ ಹೇಳಿದರೆ, ಅದೂ ಹೆಂಡತಿ ಹೇಳಿದರೆ ಮಾತ್ರ, ಕೇಳಿಸುತ್ತಿತ್ತು. ಉಳಿದವರ ಮಾತಿಗೆಲ್ಲ ಅವನು ನಕ್ಕು ತಲೆಯಾಡಿಸುತ್ತಿದ್ದ. ಜೊತೆಯವನೊಬ್ಬ ತಾಯಿ ತೀರಿಕೊಂಡ ಸುದ್ದಿ ಹೇಳಿದಾಗಲೂ ನಕ್ಕು, "ಒಳ್ಳೇದಾಯ್ತು ಬಿಡು," ಎಂದು ಪೇಚಿಗೆ ಸಿಕ್ಕಿದ್ದ. ಬೀದಿಯವರ ಬಾಯಲ್ಲಿ ಅವನು ಬಾಯ್ಲರಣ್ಣ.

"ಯಾವ ಅಂಗಿ ಹಾಕೋಣ?" ದರ್ಜಿಯಕ್ಕ ಕೇಳಿದಳು.

"ಇರೋದೇ ಒಂದು."

ಗೂಟಕ್ಕೆ ನೇತುಹಾಕಿದ್ದ ನೀಲಿ ಅಂಗಿಯನ್ನು ಅವಳು ತಂದಳು. ಕಾಲರು ಸವೆದು ಮಗುಚಿ ಹೊಲಿದಿತ್ತು. ಹೊಲಿದವಳು ದರ್ಜಿಯಕ್ಕನೇ. ಇಬ್ಬರೂ ಸೇರಿ ಸೆಟೆದ ಕೈಯನ್ನು ತೋಳಿನೊಳಗೆ ತೂರಿಸಲು ಬಹಳ ಹೊತ್ತು ಹಿಡಿಯಿತು.

* * *

ಅವನಿಗೆ ಓದು ಬರುತ್ತಿರಲಿಲ್ಲ. ಅವಳಿಗೆ ಬರುತ್ತಿತ್ತು, ಮದುವೆಗೆ ಮುಂಚಿನಿಂದಲೂ ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಿಸಿ ಪುಸ್ತಕ ಹೊಲಿಯುವ ಕೆಲಸ. ಚರ್ಚಿನಲ್ಲಿ ಕೂತರೆ ಅವನಿಗೆ ಪಾದ್ರಿಗಳ ತುಟಿ ಆಡುವುದು ಕಾಣುತ್ತಿತ್ತು, ಅಷ್ಟೇ. ಒಬ್ಬಳೇ ಮಗಳು ಆರು ವರ್ಷಕ್ಕೆ ತೀರಿಕೊಂಡು ಮೂರು ವರ್ಷವಾದರೂ ಅವನು ಯಾರ ಮುಖವನ್ನೂ ನೋಡದೆ ತಿರುಗುತ್ತಿದ್ದಾಗ, ಪಾದ್ರಿಗಳು ದಪ್ಪಕ್ಷರದ ಸುವಾರ್ತೆಯ ಪುಸ್ತಕವೊಂದನ್ನು ತಂದು ಅವಳ ಕೈಗಿಟ್ಟರು. "ದಿನಾ ಸ್ವಲ್ಪ ಅವನ ಕಿವೀಲಿ ಓದಮ್ಮ. ನನ್ನ ಬಾಯಿ ಅಲ್ಲಿಗೆ ಮುಟ್ಟಲ್ಲ," ಎಂದರು.

ಹಾಗೆ ಶುರುವಾಯಿತು. ಸಂಜೆ ಕೆಲಸದಿಂದ ಬಂದು, ಮುಖದ ಬಿಳಿ ಧೂಳು ತೊಳೆದು, ಅವನು ಮಂಚದ ಅಂಚಿನಲ್ಲಿ ಕೂರುತ್ತಿದ್ದ. ಅವಳು ಎಡಗಡೆ ಕೂತು ಓದುತ್ತಿದ್ದಳು. ಕಣ್ಣು ಮುಚ್ಚಿ ಕೇಳಿದವನು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದ: "ಹಂಗಾದ್ರೆ ನಾಳೆ ನಾನೇನು ಮಾಡ್ಬೇಕು?"

ಅವಳು ಮೊದಲು ನಗೆಯಾಡಿದಳು. ಆದರೆ ಅವನು ಕೇಳಿದ್ದನ್ನು ಮಾಡಿಯೇ ಬಿಡುತ್ತಿದ್ದ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಬೇಕೆಂದು ಓದಿದ ಮರುದಿನ ಬನಿಯನ್ನಿನಲ್ಲಿ ಮನೆಗೆ ಬಂದ. ಇನ್ನೊಂದು ಒಗೆದು ಹಾಕಿತ್ತು, ಮೈಮೇಲಿದ್ದುದನ್ನು ಗೇಟಿನ ಕಾವಲುಗಾರನಿಗೆ ಬಿಚ್ಚಿಕೊಟ್ಟಿದ್ದ. ದಾರಿಯಲ್ಲಿ ಬಿದ್ದವನನ್ನು ಎತ್ತಿದ ದಾರಿಹೋಕನ ಕತೆ ಓದಿದ ವಾರ, ಕುಡಿದು ಚರಂಡಿಯಲ್ಲಿ ಬಿದ್ದಿದ್ದ ಒಬ್ಬನನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಬಂದ. ಆ ಪುಣ್ಯಾತ್ಮ ಮಂಚದ ಮೇಲೆಲ್ಲ ಕಾರಿಕೊಂಡು, ಎಚ್ಚರವಾದ ಮೇಲೆ ಇವನನ್ನೇ ಬೈದು ಹೋದ. ಕಾಲು ತೊಳೆಯುವ ಭಾಗ ಓದಿದ ಮರುದಿನ ಬೆಳಿಗ್ಗೆ ಬಚ್ಚಲಿನಿಂದ ನೀರಿನ ಬೋಗುಣಿ ಹಿಡಿದು ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಏನ್ರೀ ಇದು, ತಲೆ ಕೆಟ್ಟಿದೆಯಾ ನಿಮಗೆ? ಯಾರಾದ್ರೂ ನೋಡಿದ್ರೆ?"

ಅವನಿಗೆ ಕೇಳಿಸಲಿಲ್ಲ. ಕಿವಿ ಅವಳ ಬಾಯಿಂದ ಬಹಳ ಕೆಳಗಿತ್ತು. ಬಾಯ್ಲರ್ ಉಜ್ಜಿದ ಹಾಗೆ ಅವಳ ಒಡೆದ ಹಿಮ್ಮಡಿಗಳನ್ನು ಉಜ್ಜಿ ತೊಳೆದು, ಟವೆಲಿನಿಂದ ಒರೆಸಿ ಕೆಲಸಕ್ಕೆ ಹೋದ.

ಬರಬರುತ್ತಾ ಅವಳಿಗೆ ಒಂದು ವಿಷಯ ಹೊಳೆಯಿತು. ತಾನು ಓದಿದ್ದು ನಾಳೆ ನಡೆಯುತ್ತದೆ. ಓದದೇ ಬಿಟ್ಟದ್ದು ನಡೆಯುವುದಿಲ್ಲ. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡು ಎನ್ನುವ ಕಡೆ ಬಂದಾಗ ಅವಳು ಮೆಲ್ಲಗೆ ಪುಟ ಮಗುಚಿದಳು. ಮಲಗಲು ಮಂಚವಾದರೂ ಬೇಡವೇ ಎಂದು ಅಂದುಕೊಂಡಳು. ಅದರಲ್ಲಿ ಪಾಪವೇನೂ ಕಾಣಲಿಲ್ಲ.

* * *

ಹತ್ತು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಬೆಂಚು ಹಾಕಿ ಜನ ಕೂತಿದ್ದರು. ಕಾರ್ಖಾನೆಯಿಂದ ಏಳೆಂಟು ಮಂದಿ ಬಂದಿದ್ದರು. ನಿವೃತ್ತನಾದ ಫೋರ್ಮನ್ನನದೇ ದೊಡ್ಡ ದನಿ.

"ಒಂದಿನ ಸಿಟ್ಟಲ್ಲಿ ಅವನ ಕೆನ್ನೆಗೆ ಬಿಗಿದುಬಿಟ್ಟೆ ಕಣ್ರೀ. ತಪ್ಪು ಅವನದಲ್ಲ. ಏನ್ಮಾಡ್ದ ಗೊತ್ತಾ? ಇನ್ನೊಂದು ಕೆನ್ನೆ ತಿರುಗಿಸಿ ನಿಂತ. ನನ್ನನ್ನ ಅಣಕಿಸ್ತಿದ್ದಾನೆ ಅಂತ ಅದಕ್ಕೂ ಬಿಗಿದೆ!"

ಒಂದಿಬ್ಬರು ನಕ್ಕರು. ಫೋರ್ಮನ್ ನಗಲಿಲ್ಲ. "ಮರುದಿನ ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು ಡಬ್ಬಿ ಬಿಚ್ಚಿದ. ಏನೂ ಆಗೇ ಇಲ್ಲ ಅನ್ನೋ ಹಂಗೆ. ಆ ಅನ್ನ ನನ್ನ ಗಂಟಲಲ್ಲಿ ಇಳೀಲಿಲ್ಲ."

"ಅಂಥವರು ಇನ್ನು ಹುಟ್ಟಲ್ಲ," ಎಂದಳು ದರ್ಜಿಯಕ್ಕ.

"ಹುಟ್ಟದೇ ಇದ್ರೇ ಒಳ್ಳೇದು. ನಮ್ಮಂಥೋರು ಬದುಕೋದು ಕಷ್ಟ," ಎಂದನು ಫೋರ್ಮನ್, ಕಣ್ಣು ಒರೆಸಿಕೊಳ್ಳುತ್ತಾ.

ಪಾದ್ರಿಗಳಿಗೆ ಈಗ ಎಂಬತ್ತರ ಹತ್ತಿರ. ಬಾಗಿಲ ಚೌಕಟ್ಟು ಹಿಡಿದು ನಿಂತು ಪ್ರಾರ್ಥನೆ ಮಾಡಿ, ನಾಲ್ಕು ಮಾತು ಹೇಳಿದರು. "ನಾವೆಲ್ಲ ಸುವಾರ್ತೆ ಕೇಳ್ತೀವಿ, ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತೀವಿ. ಇವನಿಗೆ ಇದ್ದದ್ದು ಒಂದೇ ಕಿವಿ. ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಕೇಳಿದ್ದರಲ್ಲಿ ಒಂದಕ್ಷರ ಬಿಡದೆ ನಡೆದ. ಅದರ ಅರ್ಧ ಪುಣ್ಯ ಓದಿ ಹೇಳಿದ ಈ ತಾಯಿಗೆ ಸೇರಬೇಕು."

ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಅವಳು ಶವದ ಅಂಗಿಯ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದಳು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಒಬ್ಬ ಮನುಷ್ಯ ಬಂದು ನಿಂತ. ತಲೆ ಪೂರ್ತಿ ನರೆತಿತ್ತು. ಟೈರಿನ ಕಪ್ಪು ಹಿಡಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದ. ಹತ್ತಿರ ಬರಲಿಲ್ಲ.

ದರ್ಜಿಯಕ್ಕ ಬಗ್ಗಿ ಪಿಸುಗುಟ್ಟಿದಳು. "ನಾನೇ ಹೇಳಿಕಳಿಸಿದೆ. ಬೈಬೇಡ. ಒಡಹುಟ್ಟಿದ ತಮ್ಮ ಅಲ್ವಾ? ಮಣ್ಣಿಗಾದ್ರೂ ಬರಲಿ ಅಂತ."

ಮೈದುನ ಅವಳ ಮನೆ ಬಿಟ್ಟು ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು.

* * *

ಅಲ್ಲಿಯ ತನಕ ಅವನು ಇವರ ಮನೆಯಲ್ಲೇ ಇದ್ದ. ಮಗಳಿಗೆ ಜ್ವರ ಬಂದ ದಿನ ಗಂಡನಿಗೂ ಅವಳಿಗೂ ಕೆಲಸ ತಪ್ಪಿಸುವಂತಿರಲಿಲ್ಲ. "ಜ್ವರ ಏರಿದ್ರೆ ಆಸ್ಪತ್ರೆಗೆ ಎತ್ಕೊಂಡು ಓಡು, ನಮ್ಮನ್ನ ಕಾಯ್ಬೇಡ," ಎಂದು ಹೇಳಿ ಹೋಗಿದ್ದಳು. ಅವನು ಮಾತ್ರೆ ಕೊಟ್ಟ. ಮಗು ಮಲಗಿತು. ಮೈದಾನದಲ್ಲಿ ಚೆಂಡಾಟ ನಡೆದಿತ್ತು. ಅರ್ಧ ಗಂಟೆ ನೋಡಿ ಬರುತ್ತೇನೆಂದು ಹೋದವನು ಮೂರು ಗಂಟೆ ಬಿಟ್ಟು ಬಂದ. ಬಂದಾಗ ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು.

"ಸ್ವಲ್ಪ ಮುಂಚೆ ತಂದಿದ್ರೆ," ಎಂದ ಡಾಕ್ಟರು ಮಾತು ಮುಗಿಸಲಿಲ್ಲ.

ಮೈದುನ ಅವಳ ಕಾಲ ಮೇಲೆ ಬಿದ್ದ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು. ಗಂಡ ಮಗುವಿನ ತಣ್ಣಗಾದ ಹಣೆಯ ಮೇಲೆ ಕೈಯಿಟ್ಟು, "ನಿನ್ನಾಣೆ, ಇನ್ನು ಅವನ ಮುಖ ನೋಡಲ್ಲ," ಎಂದ. ತಮ್ಮ ಆ ದಿನವೇ ಚೀಲ ಹಿಡಿದು ಹೋದ. ಎರಡು ವರ್ಷದ ಮೇಲೆ ಒಮ್ಮೆ, ಅಣ್ಣ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಬಾಗಿಲಿಗೆ ಬಂದಿದ್ದ. "ನಿನ್ನ ಮುಖ ನೋಡಲ್ಲ ಅಂತ ಆಣೆ ಇಟ್ಟಿದಾರೆ," ಎಂದು ಅವಳು ಬಾಗಿಲು ಹಾಕಿದಳು. ಸುಳ್ಳೇನೂ ಹೇಳಿರಲಿಲ್ಲ. ಗಂಡನಿಗೆ ಮಾತ್ರ ತಿಳಿಸಲಿಲ್ಲ.

ಓದು ಶುರುವಾದ ಎರಡನೇ ವಾರದಲ್ಲಿ ಆ ಸಾಲು ಎದುರಾಯಿತು. ದೇವರಿಗೆ ಕಾಣಿಕೆ ತಂದವನಿಗೆ, ಸಹೋದರನ ಮನಸ್ಸು ತನ್ನಿಂದ ನೊಂದಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಎದ್ದು ಹೋಗಿ ಅವನೊಡನೆ ಒಂದಾಗಬೇಕು ಎನ್ನುವ ಮಾತು. ಅವಳ ಕಣ್ಣು ಅದನ್ನು ನಾಲಿಗೆಗಿಂತ ಮುಂಚೆ ಕಂಡಿತು. ನಾಳೆ ಏನಾಗುತ್ತದೆಂಬುದೂ ಕಂಡಿತು. ಗಂಡ ಸೈಕಲ್ ಹತ್ತಿ ಹೋಗುತ್ತಾನೆ. ತಮ್ಮನನ್ನು ಕರೆದುಕೊಂಡು ಬರುತ್ತಾನೆ. ಮಗು ಮಲಗಿದ್ದ ಆ ಮಂಚದ ಮೇಲೆ ಅವನು ಕೂರುತ್ತಾನೆ. ಅವಳು ತಟ್ಟೆ ಇಟ್ಟು ಬಡಿಸಬೇಕು.

ಉಸಿರು ತೆಗೆದುಕೊಳ್ಳುವವಳ ಹಾಗೆ ನಿಂತು, ಆಮೇಲಿನ ಸಾಲಿನಿಂದ ಓದಿದಳು.

ನಾಲ್ಕೂ ಸುವಾರ್ತೆ ಮುಗಿಸಲು ಸುಮಾರು ಒಂದು ವರ್ಷ ಹಿಡಿಯುತ್ತಿತ್ತು. ಮುಗಿದರೆ ಮತ್ತೆ ಮೊದಲಿನಿಂದ. ಪ್ರತಿ ಸಲವೂ ಆ ಪುಟ ಬರುವ ಎರಡು ದಿನ ಮುಂಚಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಈ ವರ್ಷ ಓದೋಣ ಎಂದುಕೊಳ್ಳುತ್ತಿದ್ದಳು. ಹತ್ತೊಂಬತ್ತು ವರ್ಷ ಹಾಗೆಯೇ ಅಂದುಕೊಂಡಳು.

ಕಳೆದ ತಿಂಗಳು, ಶ್ವಾಸಕೋಶದಲ್ಲಿ ನೀರು ತುಂಬಿ ದಿಂಬಿಗೆ ಒರಗಿಯೇ ಇದ್ದ ಗಂಡ ಅವಳ ಕೈ ಹಿಡಿದು ಕೇಳಿದ್ದ: "ತಮ್ಮನ ಬಗ್ಗೆ ಪುಸ್ತಕದಲ್ಲಿ ಏನಾದ್ರೂ ಇದೆಯಾ?"

"ಕ್ಷಮಿಸ್ಬೇಕು ಅಂತ ಇದೆ."

"ಅದು ಆಗಿದೆ. ದಿನಾ ಪ್ರಾರ್ಥನೇಲಿ ಹೇಳ್ತೀನಲ್ಲ, ಮನಸ್ಸಲ್ಲಿ ಯಾವತ್ತೋ ಕ್ಷಮಿಸಿದೀನಿ. ಆದ್ರೆ ಎದ್ದು ಹೋಗು ಅಂತ ಇದೆಯಾ? ಮಗು ಮೇಲೆ ಆಣೆ ಇಟ್ಟೆನಲ್ಲ. ಅದನ್ನ ಮುರೀಬೇಕಾದ್ರೆ ದೇವರ ಅಪ್ಪಣೆ ಬೇಕು ನನಗೆ."

ಅವಳು ಅವನ ಕಿವಿಗೆ ಬಾಯಿ ಹಚ್ಚಿದಳು. "ಹಂಗೆ ಎಲ್ಲೂ ಇಲ್ಲ."

"ಪೂರ್ತಿ ಓದಿದೀಯಲ್ಲ?"

"ಪೂರ್ತಿ ಓದಿದೀನಿ."

"ಇದ್ದಿದ್ರೆ ಹೋಗ್ತಿದ್ದೆ," ಎಂದು ಅವನು ಗೋಡೆಯ ಕಡೆ ಹೊರಳಿದ.

* * *

ಪೆಟ್ಟಿಗೆ ಮುಚ್ಚುವ ಹೊತ್ತಿಗೆ ದರ್ಜಿಯಕ್ಕ ಹತ್ತಿಯ ಉಂಡೆಯನ್ನು ಅವಳ ಕೈಗಿತ್ತಳು. ಮುಚ್ಚಳ ಹಿಡಿದವರು ಕಾಯುತ್ತಿದ್ದರು. ಅವಳು ಬಗ್ಗಿದಳು. ತುಟಿ ಆ ತಣ್ಣನೆಯ ಕಿವಿಗೆ ತಾಗಿತು. ಸಾಲು ಅವಳಿಗೆ ಬಾಯಿಪಾಠವಿತ್ತು, ಓದದೇ ಓದದೇ ಬಾಯಿಪಾಠವಾಗಿತ್ತು. ಮೊದಲ ಪದ ನಾಲಿಗೆಯ ಮೇಲೆ ಬಂತು. ಈಗ ಹೇಳಿದರೆ ನಾಳೆ ಮಾಡುವವರು ಯಾರು?

ಅವಳು ಹತ್ತಿ ಇಟ್ಟು ಹಿಂದೆ ಸರಿದಳು.

ಸ್ಮಶಾನ ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲೇ ಇತ್ತು. ನಡುವೆ ಮೊಣಕಾಲೆತ್ತರದ ಗೋಡೆ. ಪೆಟ್ಟಿಗೆ ಇಳಿಸಿದರು. ಒಬ್ಬೊಬ್ಬರೇ ಬಂದು ಹಿಡಿಮಣ್ಣು ಹಾಕಿ, ಗೇಟಿನ ಹತ್ತಿರದ ನಲ್ಲಿಯಲ್ಲಿ ಕೈ ತೊಳೆದುಕೊಂಡು ಚದುರಿದರು. ಎಲ್ಲರೂ ಹೋದ ಮೇಲೆ ಮೈದುನ ಹತ್ತಿರ ಬಂದ. ಬಗ್ಗಿ ಬಲಗೈ ತುಂಬ ಮಣ್ಣು ತೆಗೆದುಕೊಂಡ. ಹಾಕಲಿಲ್ಲ. ಗುಂಡಿ ತೋಡಿದ ಇಬ್ಬರು ಸಲಿಕೆಗೆ ಒರಗಿ ಕಾದರು.

"ಅತ್ತಿಗೆ, ಒಂದು ಮಾತು ಕೇಳ್ಲಾ?"

"ಕೇಳು."

"ಅಣ್ಣ ನನ್ನ ಹೆಸರು ಎತ್ತುತ್ತಿದ್ನಾ?"

ಅವಳು ಸೆರಗಿನ ಅಂಚಿನ ಮಣ್ಣು ಕೊಡವಿದಳು. ಅದನ್ನೇ ಉತ್ತರ ಅಂದುಕೊಂಡು ಅವನು ತಲೆಯಾಡಿಸಿದ.

"ಅವನು ಪುಸ್ತಕ ಓದಿಸ್ಕೊಂಡು ಹೇಳಿದ್ದೆಲ್ಲ ಮಾಡ್ತಾನೆ ಅಂತ ನನ್ನ ಪಂಚರ್ ಅಂಗಡಿಗೆ ಬಂದೋರು ಹೇಳ್ತಿದ್ರು. ನಾನೂ ತೆಗೆದು ಓದಿದೆ. ಕಾಣಿಕೆ ಬಿಟ್ಟು ಎದ್ದು ಹೋಗು ಅನ್ನೋ ಮಾತಿದೆಯಲ್ಲ, ಅದು ಸಿಕ್ತು. ಸದ್ಯ, ಅಂದ್ಕೊಂಡೆ. ಇವತ್ತಲ್ಲ ನಾಳೆ ಅಲ್ಲಿಗೆ ಬರ್ತಾನೆ, ಆಮೇಲೆ ನನ್ನ ಹತ್ರ ಬರ್ತಾನೆ. ರಸ್ತೇಲಿ ಸೈಕಲ್ ಬೆಲ್ಲು ಕೇಳಿದ್ರೆ ಟೈರು ಬಿಟ್ಟು ಎದ್ದು ನೋಡ್ತಿದ್ದೆ." ಅವನು ಗುಂಡಿಯನ್ನು ನೋಡಿದ. "ಬರಲಿಲ್ಲ. ಅದನ್ನ ಓದಿದ ಮೇಲೂ ಅವನಂಥೋನು ಬರಲಿಲ್ಲ ಅಂದ್ರೆ, ನಂದು ದೇವರೂ ಕ್ಷಮಿಸೋ ತಪ್ಪಲ್ಲ ಅಂತ ಗೊತ್ತಾಯ್ತು. ಚರ್ಚಿಗೆ ಹೋಗೋದು ಬಿಟ್ಟೆ. ಮದುವೆ ಮಾಡ್ಕೊಳ್ಳಲಿಲ್ಲ. ನನ್ನ ಕೈಗೆ ಇನ್ನೊಂದು ಮಗು ಕೊಡೋದು ಬೇಡ ಅಂತ."

"ಅವರು ಅದನ್ನ ಕೇಳ್ಲೇ ಇಲ್ಲ."

"ಏನು?"

"ನಾನು ಓದ್ಲಿಲ್ಲ. ಆ ಸಾಲು ಬಂದಾಗೆಲ್ಲ ಬಿಟ್ಟು ಓದಿದೆ. ಹತ್ತೊಂಬತ್ತು ಸಲ. ಹೋದ ತಿಂಗಳು ಅವರೇ ಕೇಳಿದ್ರು, ತಮ್ಮನ ಹತ್ರ ಹೋಗು ಅಂತ ಇದೆಯಾ ಅಂತ. ಇಲ್ಲ ಅಂದೆ."

ಸಲಿಕೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈದುನ ಮಣ್ಣು ತುಂಬಿದ ಮುಷ್ಟಿಯನ್ನು ಬಿಗಿಹಿಡಿದ.

"ಇದ್ದಿದ್ರೆ ಹೋಗ್ತಿದ್ದೆ ಅಂದ್ರು," ಎಂದಳು. ಅದನ್ನು ಹೇಳದೆ ಉಳಿಸಿಕೊಳ್ಳಲು ಅವಳಿಂದ ಆಗಲಿಲ್ಲ. "ಎದ್ದು ಹೋಗು ಅನ್ನೋ ಆ ಸಾಲು ನನಗೂ ಹೇಳಿದ್ದೇ. ಅದಕ್ಕೇ ನಿನ್ನ ಮುಂದೆ ನಿಂತಿದೀನಿ. ನನ್ನನ್ನ ಕ್ಷಮಿಸಪ್ಪ."

ಅವಳು ಬಗ್ಗಿ ಅವನ ಕಾಲಿಗೆ ಕೈ ಚಾಚಿದಳು. ಅವನು ಕಾಲನ್ನು ಹಿಂದಕ್ಕೆಳೆದುಕೊಂಡ. ಬೈಯುತ್ತಾನೆಂದು ಅವಳು ಕಾದಳು.

"ಬಸ್ ಬಂತು ಅತ್ತಿಗೆ," ಎಂದ.

ಅವನು ತಿರುಗಿ ನಡೆದ. ನಲ್ಲಿಯ ಹತ್ತಿರ ನಿಲ್ಲಲಿಲ್ಲ. ಸಲಿಕೆಯವರಲ್ಲಿ ಹಿರಿಯನು, "ಅಮ್ಮ, ಇನ್ನು ಯಾರಾದ್ರೂ ಹಾಕೋರಿದಾರಾ?" ಎಂದ. ಅವಳು ರಸ್ತೆಯ ಕಡೆ ತಿರುಗಿದಳು. ಅವರು ಮಣ್ಣು ಎಳೆಯತೊಡಗಿದರು.

ಗೋಡೆಯಾಚೆ ಬಸ್ಸು ಜನ ಹತ್ತಿಸಿಕೊಂಡು ನಿಂತಿತ್ತು. ಅವನು ಒಂದೇ ಕೈಯಲ್ಲಿ ಕಂಬಿ ಹಿಡಿದು ಹತ್ತುವುದು, ಮುಗ್ಗರಿಸಿ ಕಿಟಕಿಯ ಪಕ್ಕ ಕೂರುವುದು ಅವಳಿಗೆ ಕಾಣಿಸಿತು. ಕಂಡಕ್ಟರು ಬಂದು ಕೈ ಚಾಚಿದ. ಅವನು ಎಡಗೈಯನ್ನು ಮೈಮೇಲಿಂದ ಬಳಸಿ ಬಲಜೇಬನ್ನು ತಡಕಾಡತೊಡಗಿದ. ಕಂಡಕ್ಟರು ಏನೋ ಗದರಿದ. ಅವನು ಇನ್ನೂ ತಡಕಾಡುತ್ತಿದ್ದಂತೆಯೇ ಬಸ್ಸು ಹೊರಟಿತು. ಬಿಗಿಹಿಡಿದ ಬಲಗೈ ಕಿಟಕಿಯ ಅಂಚಿನ ಮೇಲಿತ್ತು, ಬೆರಳ ಸಂದಿಯಿಂದ ಕೆಂಪು ಮಣ್ಣು ಸಣ್ಣಗೆ ರಸ್ತೆಯುದ್ದಕ್ಕೂ ಉದುರುತ್ತಿತ್ತು.