ವಾಸಿಯಾಗಲೊಲ್ಲದ ಎಲೆಯಕ್ಕ

ಬೆಳಕು ಹರಿಯುತ್ತಲೇ ಎಲೆಯಕ್ಕ ಕಿಟಕಿಯ ಬಳಿ ಚಾಪೆ ಹಾಸಿ, ಕಾಲು ಚಾಚಿ, ಮಡಿಲಲ್ಲಿ ತಂತಿಯ ಸುರುಳಿ, ಪಕ್ಕದಲ್ಲಿ ಎಲೆಯ ಗುಡ್ಡೆ ಇಟ್ಟುಕೊಂಡು ಕೂರುತ್ತಿದ್ದಳು. ಎಲ್ಲವೂ ಪ್ಲಾಸ್ಟಿಕ್ ಎಲೆಗಳು. ತಂತಿಗೆ ಒಂದೊಂದಾಗಿ ಚುಚ್ಚಿ, ಹಸಿರು ಟೇಪು ಸುತ್ತಿ ಬಳ್ಳಿ ಮಾಡಿಟ್ಟರೆ ಕಾರ್ಖಾನೆಯ ಗಾಡಿ ವಾರಕ್ಕೊಮ್ಮೆ ಬಂದು ಒಯ್ಯುತ್ತಿತ್ತು. ಊರಿನ ಹೋಟೆಲು, ಬ್ಯಾಂಕು, ಕಚೇರಿ, ಎಲ್ಲಿ ನೋಡಿದರೂ ಅವಳ ಬಳ್ಳಿಯೇ ನೇತಾಡುತ್ತಿತ್ತು. ಆ ಒಂದು ಕೋಣೆಯಲ್ಲಿ ಎಷ್ಟು ಎಲೆಗಳಿದ್ದವೆಂದರೆ, ಕಾಡಿನ ಆನೆಗಳೆಲ್ಲ ಹಿಂಡುಹಿಂಡಾಗಿ ಬಂದು ತಿಂದರೂ ಮುಗಿಯುತ್ತಿರಲಿಲ್ಲ. ತಿಂದ ಆನೆ ತಿರುಗಿ ಕಾಡಿಗೆ ಹೋಗುತ್ತಲೂ ಇರಲಿಲ್ಲ, ಆ ಮಾತು ಬೇರೆ.

ಅವಳಿಗೆ ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಹೋಯಿತು. ಆಮೇಲೆ ತಾಯಿಯೂ ಹೋದಳು. ಅಂದಿನಿಂದ ಮೂರನೇ ಮಹಡಿಯ ಆ ಕೋಣೆಯಲ್ಲಿ ಮಾತೆಂದರೆ, ಹಾಲಿನವನಿಗೆ ಬಾಗಿಲ ಸಂದಿಯಿಂದ ಹೇಳುವ "ಅಲ್ಲೇ ಇಡಪ್ಪ" ಒಂದೇ. ಉಳಿದ ಹೊತ್ತು ನಲ್ಲಿಗೆ ಬೈಯುತ್ತಿದ್ದಳು. ನಲ್ಲಿಯಾದರೂ ಗೊರ್ರ್ ಎಂದು ಎದುರುತ್ತರ ಕೊಡುತ್ತಿತ್ತು.

ಸೋಮವಾರ ಮಾತ್ರ ಅವಳು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಆಸ್ಪತ್ರೆಗೆ ಹೊರಡುತ್ತಿದ್ದಳು. ಒಂದು ಸೋಮವಾರ ಮಂಡಿ, ಇನ್ನೊಂದು ಸೋಮವಾರ ಬೆನ್ನು, ಮತ್ತೊಂದು ಸೋಮವಾರ ಕಿವಿಯೊಳಗೆ ಗುಂಯ್‌ಗುಡುವ ಸದ್ದು. ಮೈಯಲ್ಲಿ ಅಂಗಗಳೇ ಮುಗಿದುಹೋಗಿ ಪುನಃ ಮಂಡಿಯಿಂದ ಶುರುಮಾಡಿದ್ದಳು. ಬೆಂಚಿನ ಮೇಲೆ ಪಕ್ಕದವರು "ನಿಮಗೇನಮ್ಮ?" ಎಂದು ಕೇಳುತ್ತಿದ್ದರಲ್ಲ, ಅದಕ್ಕಾಗಿ ಯಾವ ಕಾಯಿಲೆ ಬೇಕಾದರೂ ಬರಲಿ ಎನ್ನುವಂತಿದ್ದಳು. ಆದರೆ ಒಂದು ಮಾತ್ರ ನಿಜವಾದ ಕಾಯಿಲೆ: ನಿದ್ದೆ ಬರುತ್ತಿರಲಿಲ್ಲ. ನಿದ್ದೆಯ ಮಾತ್ರೆ ಒಂದು ಇದ್ದದ್ದು ಎರಡಾಗಿತ್ತು. ಹಗಲೆಲ್ಲ ತಲೆ ಹತ್ತಿ ತುಂಬಿದ ದಿಂಬಿನಂತಾಗಿ, ಒಮ್ಮೆ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಳು ಕೂಡ.

ಡಾಕ್ಟರು ಆ ದಿನ ಪೆನ್ನು ಎತ್ತಿ, ಬರೆಯದೆ ಕೆಳಗಿಟ್ಟರು.

"ಇನ್ನೂ ಜಾಸ್ತಿ ಮಾಡಲ್ಲಮ್ಮ. ನಿಧಾನಕ್ಕೆ ಕಮ್ಮಿ ಮಾಡ್ತಾ ಬರ್ತೀನಿ. ಬದಲಿಗೆ ನೀವು ಹಿಂದಗಡೆ ಹಿತ್ತಲಿಗೆ ಹೋಗಿ, ಅಲ್ಲಿ ಒಂದು ಪಾತಿ ನೋಡ್ಕೋಬೇಕು."

"ಡಾಕ್ಟ್ರೇ, ನಾನು ಬಂದಿರೋದು ಕಾಯಿಲೆಗೆ. ಕೂಲಿಗಲ್ಲ."

"ಕೂಲಿ ಕೊಡೋದೂ ಇಲ್ಲ, ಹೆದರ್ಬೇಡಿ," ಎಂದು ಅವರು ನಕ್ಕರು. "ಮಾತ್ರೆ ಬರೆಯೋಕೆ ನಂಗೆ ಅರ್ಧ ನಿಮಿಷ ಸಾಕು. ಆ ಹಿತ್ತಲು ಮಾಡೋಕೆ ಎಷ್ಟು ಜನರ ಕಾಲು ಹಿಡಿದಿದ್ದೀನಿ ಗೊತ್ತಾ? ಸುಮ್ನೆ ಹೋಗಿ ನೋಡಿ."

ಆಸ್ಪತ್ರೆಯ ಹಿಂದೆ ಮುರಿದ ಮಂಚಗಳು ಬಿದ್ದಿರುತ್ತಿದ್ದ ಜಾಗ ಅದು. ಈಗ ಮಂಚಗಳನ್ನು ತೆಗೆದು, ಮಣ್ಣು ಹದಮಾಡಿ, ರೋಗಿಗೊಂದರಂತೆ ಪಾತಿ ಕಟ್ಟಿದ್ದರು. ಟೊಮೆಟೊ, ಬೀನ್ಸು, ಪುದೀನ, ಸೊಪ್ಪು. ಸಕ್ಕರೆ ಕಾಯಿಲೆ ಬಂದ ಬೇಕರಿಯವನೊಬ್ಬ ಅಲ್ಲಿ ಬೀನ್ಸಿಗೆ ಕೋಲು ಕಟ್ಟುತ್ತಾ ಕೇಕಿನ ಮಹಿಮೆ ಹೇಳುತ್ತಿದ್ದ. ಹಿತ್ತಲು ನೋಡಿಕೊಳ್ಳುವ ಸಿಸ್ಟರ್ ಗಟ್ಟಿಮುಟ್ಟಾದ ಹೆಂಗಸು. ಅವರು ಪಿಸುಮಾತು ಆಡಿದರೆ ಎರಡು ಬೀದಿಯಾಚೆ ಮಲಗಿದ ಮಗು ಎದ್ದು ಕೂರುತ್ತಿತ್ತು.

ಎಲೆಯಕ್ಕನಿಗೆ ಒಂದು ಟೊಮೆಟೊ ಪಾತಿ ಕೊಟ್ಟು ಸಿಸ್ಟರ್ ಒಳಗೆ ಹೋಗಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಗಿಡಗಳೆಲ್ಲ ಬರೀ ಕಡ್ಡಿಯಾಗಿ ನಿಂತಿದ್ದವು.

"ಅಯ್ಯೋ, ಇದೇನಮ್ಮಾ ಇದು! ಕೋಳಿ ಪುಕ್ಕ ಕಿತ್ತ ಹಾಗೆ ಕಿತ್ತಿಟ್ಟಿದ್ದೀರಾ!"

"ತೂತು ಬಿದ್ದಿತ್ತು ಸಿಸ್ಟರ್. ಇನ್ನು ಕೆಲವು ಸೊಟ್ಟ. ಒಂದು ದೊಡ್ಡದು, ಒಂದು ಸಣ್ಣದು. ಇಂಥ ಎಲೆ ನಮ್ಮಲ್ಲಿ ಪಾಸೇ ಆಗಲ್ಲ."

"ಇಲ್ಲಿ ಎಲ್ಲಾನೂ ಪಾಸು ಕಣಮ್ಮ. ಸೊಟ್ಟ ಆಗಿರೋರೇ ಇಲ್ಲಿಗೆ ಬರೋದು, ನಮ್ಮನ್ನೆಲ್ಲ ನೋಡಿದ್ರೆ ಗೊತ್ತಾಗಲ್ವಾ?"

ಬೇಕರಿಯವನು ಬಿದ್ದು ಬಿದ್ದು ನಕ್ಕ. ಎಲೆಯಕ್ಕನಿಗೆ ನಾಚಿಕೆಯಾಯಿತು. ಮುಂದಿನ ವಾರ ಬರಲೇಬಾರದು ಎಂದುಕೊಂಡಳು. ಆದರೆ ಗಿಡ ಸತ್ತಿತೋ ಏನೋ ಎಂಬ ಚಿಂತೆ ಕಾಡಿ, ಸೋಮವಾರದವರೆಗೂ ತಡೆಯದೆ ಮಾರನೆಯ ದಿನವೇ ಹೋದಳು. ಹಾಗೇ ದಿನವೂ ಹೋದಳು. ಒಂದು ಬೆಳಿಗ್ಗೆ ಕಡ್ಡಿಯ ಕಂಕುಳಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ತಾನು ಚುಚ್ಚದೆ, ಟೇಪು ಸುತ್ತದೆ, ಯಾರನ್ನೂ ಕೇಳದೆ ಬಂದ ಎಲೆ. ಅವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಕಾಲು ಜೋಮು ಹಿಡಿಯುವವರೆಗೆ ಏಳಲಿಲ್ಲ.

ಅಲ್ಲಿಂದ ಬಿಸಿಲು, ಮಣ್ಣು, ಬೇಕರಿಯವನ ಹರಟೆ, ಸಿಸ್ಟರ್‌ನ ಗದರಿಕೆ, ಎಲ್ಲವೂ ಮೈಗೆ ಹಿಡಿಯಿತು. ಹಸಿವಾಗತೊಡಗಿತು. ಮಾತ್ರೆ ಎರಡಿದ್ದದ್ದು ಒಂದಾಯಿತು, ಒಂದಿದ್ದದ್ದು ಅರ್ಧವಾಯಿತು. ಕೊನೆಗೆ ಆ ಅರ್ಧವೂ ಬೇಡವಾಗಿ, ದಿಂಬಿಗೆ ತಲೆ ತಾಕುವ ಮೊದಲೇ ನಿದ್ದೆ ಬಂದು ಹೊತ್ತೊಯ್ಯುತ್ತಿತ್ತು.

ಇಲ್ಲೇ ಅವಳಿಗೆ ಭಯ ಹಿಡಿದದ್ದು. ಹಿತ್ತಲಿಗೆ ಒಂದು ನಿಯಮವಿತ್ತು: ಪಾತಿಗಳು ಕೆಲವೇ, ಕಾಯುವವರು ಬಹಳ. ಆದ್ದರಿಂದ ಗುಣವಾದವರು ಜಾಗ ಬಿಟ್ಟು, ಇನ್ನೊಬ್ಬ ರೋಗಿಗೆ ಕೊಡಬೇಕು.

"ನಿದ್ದೆ ಹೇಗಿದೆಯಮ್ಮ?" ಎಂದು ಸಿಸ್ಟರ್ ಸೋಮವಾರ ಕೇಳಿದರು.

"ಎಲ್ಲಿಯ ನಿದ್ದೆ ಸಿಸ್ಟರ್! ಗೂಬೆಗಾದ್ರೂ ಒಂದು ಗಳಿಗೆ ಕಣ್ಣು ಹತ್ತುತ್ತೆ, ನಂಗಿಲ್ಲ."

ಸಿಸ್ಟರ್ ಅವಳ ತುಂಬಿದ ಕೆನ್ನೆಯನ್ನೊಮ್ಮೆ ನೋಡಿ, ಮುಂದಿನ ಪಾತಿಗೆ ಹೋದರು. ಹೀಗೆ ಕಾಯಿಲೆಯಿಲ್ಲದವಳು ಕಾಯಿಲೆಯವರ ನಡುವೆ ಉಳಿದುಕೊಂಡಳು. ಮೊದಲು ಮಾತಿಗಾಗಿ ಮಂಡಿನೋವು ಹುಟ್ಟಿಸಿಕೊಂಡವಳಿಗೆ ಈಗ ನಿದ್ದೆಗೇಡು ಹುಟ್ಟಿಸಿಕೊಳ್ಳುವುದೇನು ಕಷ್ಟ?

ಆ ದಿನಗಳಲ್ಲೇ ಮುದುಕ ಕಂಡಕ್ಟರು ಬರತೊಡಗಿದ್ದು. ಜೀವಮಾನವೆಲ್ಲ ಬಸ್ಸಿನಲ್ಲಿ ಕೂಗಿದ ಮನುಷ್ಯ. ಹೆಂಡತಿ ಸತ್ತ ಮೇಲೆ ಮಾತು ನಿಂತುಹೋಗಿ, ಕೈನಡುಕ ಶುರುವಾಗಿತ್ತು. ಸೊಸೆ ಕರೆತಂದು ತಂತಿಬೇಲಿಯಾಚೆಯ ಬೆಂಚಿನ ಮೇಲೆ ಕೂರಿಸಿ, ಡಾಕ್ಟರ ಬಳಿ ಜಾಗ ಕೇಳಿ, ಇಲ್ಲವೆನಿಸಿಕೊಂಡು ಕರೆದೊಯ್ಯುತ್ತಿದ್ದಳು. ಅಷ್ಟು ಹೊತ್ತು ಅವನು ಹಿತ್ತಲನ್ನೇ ನೋಡುತ್ತಿದ್ದ. ಎಲೆಯಕ್ಕನಿಗೆ ಅವನ ನೋಟ ತನ್ನ ಪಾತಿಯ ಮೇಲೇ ಬಿದ್ದಂತೆ ಅನಿಸುತ್ತಿತ್ತು.

ಒಂದು ದಿನ ಅವಳು ಬೇಲಿಯ ಪಕ್ಕ ಕಳೆ ಕೀಳುತ್ತಿದ್ದಾಗ ಅವನು ಬಾಯಿ ತೆರೆದ.

"ಸೀಟು ಖಾಲಿ ಇದೆಯಾಮ್ಮಾ?"

"ಇಲ್ಲ ಯಜಮಾನ್ರೇ, ಫುಲ್ಲು."

ಅವನು ತಲೆಯಾಡಿಸಿದ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, "ಇಳಿಯೋರು ಯಾರಾದ್ರೂ ಇದ್ದಾರಾ?" ಎಂದ.

ಎಲೆಯಕ್ಕ ಕಳೆಯ ಜೊತೆ ಒಂದು ಒಳ್ಳೆಯ ಗಿಡವನ್ನೂ ಕಿತ್ತುಬಿಟ್ಟಳು.

ಮುಂದಿನ ಸೋಮವಾರ ಬೆಂಚು ಬರಿದಾಗಿತ್ತು. ಸೊಸೆ ಒಬ್ಬಳೇ ಬಂದು ಸಿಸ್ಟರ್ ಹತ್ತಿರ ನಿಂತಿದ್ದಳು. "ಮಾವ ಹಾಸಿಗೆ ಬಿಟ್ಟು ಏಳ್ತಾನೇ ಇಲ್ಲ ಸಿಸ್ಟರ್. ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾರೆ. ಊಟಕ್ಕೆ ಕರೆದ್ರೆ ಗೋಡೆಗೇ ಉತ್ತರ ಕೊಡ್ತಾರೆ. ನಾನು ಕೆಲಸಕ್ಕೆ ಹೋದ್ಮೇಲೆ ಮನೇಲಿ ಅವರೊಬ್ರೇ. ಇನ್ನೂ ಎಷ್ಟು ದಿನ ಕಾಯ್ಬೇಕು?"

"ಯಾರಾದ್ರೂ ವಾಸಿಯಾಗ್ಬೇಕಲ್ಲಮ್ಮ," ಎಂದರು ಸಿಸ್ಟರ್. ಎಲೆಯಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಆ ಗೋಡೆ ಎಲೆಯಕ್ಕನಿಗೆ ಗೊತ್ತಿತ್ತು. ಸುಣ್ಣ ಎಲ್ಲಿ ಬಿರುಕು ಬಿಟ್ಟಿರುತ್ತದೆ, ಮಧ್ಯಾಹ್ನದ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ, ಎಲ್ಲ. ಅವಳು ಕೈ ಕೊಡವಿಕೊಂಡು ಎದ್ದಳು.

"ಸಿಸ್ಟರ್, ನಂಗೆ ನಿದ್ದೆ ಬರ್ತಿದೆ. ತುಂಬಾ ದಿನದಿಂದ."

"ಗೊತ್ತು. ಹೋದ ವಾರ ಆ ಮರದ ಕೆಳಗೆ ಗೊರಕೆ ಹೊಡೀತಿದ್ರಿ. ಮರದಲ್ಲಿದ್ದ ಕಾಗೆಗಳು ಒಂದೂ ಉಳೀಲಿಲ್ಲ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ."

ಎಲೆಯಕ್ಕನಿಗೆ ತಪ್ಪೊಪ್ಪಿಕೊಂಡ ನಾಚಿಕೆಗಿಂತ ಸಿಟ್ಟೇ ಮೇಲೆ ಬಂತು. "ಇದ್ಯಾವ ನ್ಯಾಯ ಸಿಸ್ಟರ್? ಕಾಯಿಲೆ ಇದ್ರೆ ಮಾತಾಡಿಸ್ತೀರಿ, ನಗಿಸ್ತೀರಿ. ವಾಸಿಯಾದ್ರೆ ಬಾಗಿಲು ತೋರಿಸ್ತೀರಿ. ನಾನು ತಿರುಗಿ ಅದೇ ಕೋಣೆಗೇ ಹೋಗ್ಬೇಕಲ್ಲ? ಆ ಕೋಣೆಗೆ ಏನು ಮದ್ದು?"

ಸಿಸ್ಟರ್‌ನ ದೊಡ್ಡ ದನಿ ಮೊದಲ ಸಲ ತಗ್ಗಿತು. "ಕೋಣೆಗೆ ನಮ್ಮತ್ರ ಮದ್ದಿಲ್ಲಮ್ಮ. ಸುಳ್ಳು ಯಾಕೆ ಹೇಳ್ಲಿ? ನೀವು ಯಾವಾಗ ಬೇಕಾದ್ರೂ ಬನ್ನಿ, ಬೇಡ ಅನ್ನಲ್ಲ. ಆದ್ರೆ ಯೋಚ್ನೆ ಮಾಡಿ, ಇಂಥ ಕೋಣೆಗಳು ಊರಲ್ಲಿ ಎಷ್ಟಿಲ್ಲ? ಅಷ್ಟಕ್ಕೂ ಈ ಒಂದು ಹಿತ್ತಲು ಸಾಲುತ್ತಾ? ಆಕಾಶಕ್ಕೆ ಛತ್ರಿ ಹಿಡಿದ ಹಾಗೆ ಆಗಲ್ವಾ?"

ಎಲೆಯಕ್ಕ ಕಂಡಕ್ಟರನ ಸೊಸೆಯ ಕಡೆ ತಿರುಗಿ, "ನಾಳೇನೇ ಕರ್ಕೊಂಡು ಬಾಮ್ಮ. ಒಬ್ರು ಇಳಿದ್ರು ಅಂತ ಹೇಳು," ಎಂದಳು. ಹೊರಡುವಾಗ ಸಿಸ್ಟರ್ ಬೇರುಸಹಿತ ಕಿತ್ತ ಒಂದು ಹಿಡಿ ಪುದೀನವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟರು.

ಕೋಣೆ ಹಾಗೇ ಇತ್ತು. ಪುದೀನವನ್ನು ಲೋಟದ ನೀರಲ್ಲಿಟ್ಟು ಅವಳು ಕೆಲಸಕ್ಕೆ ಕೂತಳು. ಎರಡು ದಿನ ಹಾಲಿನವನಿಗೆ "ಅಲ್ಲೇ ಇಡಪ್ಪ" ಅಂದಳು. ನಲ್ಲಿಗೆ ಬೈಯಲು ಹೋದರೆ ಮಾತೇ ಹೊರಡಲಿಲ್ಲ; ಮನುಷ್ಯರ ರುಚಿ ಹತ್ತಿದ ಬಾಯಿಗೆ ನಲ್ಲಿ ಸಪ್ಪೆಯಾಗಿತ್ತು. ಮೂರನೆಯ ದಿನ ಅವಳಿಗೆ ಮತ್ತೆ ಮಂಡಿ ನೋಯತೊಡಗಿತು. ಉಜ್ಜಿಕೊಳ್ಳುತ್ತಾ ಕೂತವಳಿಗೆ ಇದ್ದಕ್ಕಿದ್ದಂತೆ ನಗು ಬಂತು. "ಶುರುವಾಯ್ತು ನೋಡು ನಿನ್ನ ನಾಟಕ," ಎಂದು ಮಂಡಿಗೆ ಹೇಳಿ, ಎದ್ದು, ಲೋಟವನ್ನೂ ತಂತಿಯ ಇಕ್ಕಳವನ್ನೂ ಹಿಡಿದು ಮೆಟ್ಟಿಲಿಳಿದಳು.

ಕಟ್ಟಡದ ಹಿಂದೆ, ಗೋಡೆಗೂ ನೀರಿನ ಕೊಳವೆಗೂ ನಡುವೆ ಒಂದು ಉದ್ದನೆಯ ಪಟ್ಟಿ ಜಾಗವಿತ್ತು. ಎಲ್ಲ ಮಹಡಿಯವರೂ ಕಿಟಕಿಯಿಂದ ಬೇಡದ್ದನ್ನು ಎಸೆದು ಎಸೆದು ಅದು ತಿಪ್ಪೆಗೂ ಬೇಡವಾದ ತಿಪ್ಪೆಯಾಗಿತ್ತು. ಒಡೆದ ಬಕೆಟ್ಟು, ಗಾಜಿನ ಚೂರು, ಚೀಲಗಳು. ಎಲೆಯಕ್ಕ ಸೆರಗು ಸಿಕ್ಕಿಸಿ, ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ತಲೆಯ ಮೇಲೆ ಸಾಲುಸಾಲು ಕಿಟಕಿಗಳು. ಒಂದರಲ್ಲೂ ಮುಖವಿಲ್ಲ. ಇದೇ ಕಟ್ಟಡದಲ್ಲಿ ತಲೆ ನರೆಯುವಷ್ಟು ಕಾಲ ಇದ್ದೂ ಯಾವ ಕಿಟಕಿ ಯಾರದೆಂದು ಅವಳಿಗೆ ತಿಳಿದಿರಲಿಲ್ಲ. ಕೆಳಗೆ ಸಿಕ್ಕ ಮಣ್ಣು ಕಲ್ಲಿನಂತಿತ್ತು. ತಂತಿ ಕತ್ತರಿಸುವ ಇಕ್ಕಳದಿಂದ ಕೆದರುತ್ತಾ ಅವಳಿಗೆ ಬೆವರಿನ ಜೊತೆ ಕಣ್ಣೀರೂ ಬಂತು. ಇಲ್ಲಿ ಗದರಲು ಸಿಸ್ಟರ್ ಇಲ್ಲ, ನಗಲು ಬೇಕರಿಯವನಿಲ್ಲ. ಹಿತ್ತಲಲ್ಲಿ ತನಗೆ ಹಿತವೆನಿಸಿದ್ದು ಗಿಡವೋ ಜನವೋ ಎಂಬುದೇ ಅವಳಿಗೆ ಈಗ ತಿಳಿಯದಾಯಿತು.

ಮೇಲೆ ಕಿಟಕಿಯೊಂದು ಕಿರ್ರೆಂದಿತು.

"ಏನ್ರೀ ಅದು? ನಿಧಿ ಸಿಕ್ತಾ?" ಹೆಂಗಸಿನ ದನಿ. ಬಹಳ ದಿನ ಬಳಸದೆ ತುಕ್ಕು ಹಿಡಿದಂಥ ದನಿ.

ಎಲೆಯಕ್ಕ ಬೆನ್ನ ಹಿಂದಿನ ರಾಶಿಯಿಂದ ಒಂದನ್ನು ಎತ್ತಿ ತೋರಿಸಿದಳು. "ಸಿಕ್ತು ರೀ, ಚಪ್ಪಲಿ. ಎಡಗಾಲಿನದು. ದೋಣಿ ಮಾಡ್ಕೊಂಡು ನದಿ ದಾಟಬಹುದು, ಅಷ್ಟು ದೊಡ್ಡದು. ನಿಮ್ದಾ?"

"ಅಯ್ಯೋ ಹೋಗ್ರೀ! ನನ್ನ ಕಾಲು ನೋಡಿದ್ದೀರಾ ನೀವು?"

"ನಿಮ್ಮ ಮುಖಾನೇ ಇವತ್ತು ನೋಡ್ತಿರೋದು. ಕಾಲು ಎಲ್ಲಿಂದ ನೋಡ್ಲಿ?"

ಕಿಟಕಿ ಮುಚ್ಚಿಕೊಂಡಿತು. ಅತಿಯಾಯಿತೇನೋ ಎಂದುಕೊಂಡು ಎಲೆಯಕ್ಕ ತುಟಿ ಕಚ್ಚಿದಳು. ತಲೆ ತಗ್ಗಿಸಿ ಪುನಃ ಕೆದರತೊಡಗಿದಳು.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆಗಳು ಕೇಳಿದವು. ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು, ನರೆತ ತಲೆಯ ಸಣಕಲು ಹೆಂಗಸೊಬ್ಬಳು ಮೂಲೆಯಲ್ಲಿ ಬಂದು ನಿಂತಳು. ಕೈಯಲ್ಲಿ ಅಡುಗೆಮನೆಯ ಉದ್ದ ಸೌಟು.

"ಗುದ್ದಲಿ ಇಲ್ಲ ನಮ್ಮನೇಲಿ," ಎಂದಳು. "ಇದಾಗುತ್ತಾ?"

"ಅಗೆಯೋಕೆ ಆಗಲ್ಲ. ಬಡಿಸೋಕೆ ಆಗುತ್ತೆ," ಎಂದು ಎಲೆಯಕ್ಕ ನಕ್ಕಳು.

ಆ ಹೆಂಗಸೂ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಮಣ್ಣನ್ನು ನೋಡುತ್ತಾ, ಮಣ್ಣಿಗೇ ಹೇಳುವಂತೆ ಹೇಳಿದಳು: "ಮನೇಲಿ ಕೂತೂ ಕೂತೂ ಸಾಕಾಗಿದೆ ರೀ. ರಾತ್ರಿಯೆಲ್ಲ ಕಣ್ಣು ಮುಚ್ಚಲ್ಲ."

ಎಲೆಯಕ್ಕ ಔಷಧಿಯ ಮಾತು ಎತ್ತಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಇಕ್ಕಳವನ್ನು ಅವಳ ಕೈಗೆ ಕೊಟ್ಟು, ಸೌಟನ್ನು ತಾನಿಟ್ಟುಕೊಂಡು, ಅತ್ತ ಸರಿದು ಕೂರಲು ಜಾಗ ಮಾಡಿಕೊಟ್ಟಳು.