ಕೆಳತುದಿಯ ಭಾರ

"ನಿಲ್ಸಿ, ನಿಲ್ಸಿ! ಜಾರ್ತಾ ಇದೆ!"

ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಮೇಲ್ತುದಿಯಲ್ಲಿ ಹೆಣದ ಗಾಡಿಯ ಡ್ರೈವರು, ಕೆಳತುದಿಯಲ್ಲಿ ಕರಾಟೆ ಮೇಡಂನ ಅಣ್ಣ. ಮೇಡಂ ಮೂರನೇ ಮಹಡಿಯ ಹಾಲ್‌ನಲ್ಲಿ ಆಯಸ್ಸೆಲ್ಲ ಪಾಠ ಹೇಳಿ, ಅದರ ಹಿಂದಿನ ಕೋಣೆಯಲ್ಲೇ ಬದುಕಿ, ನಿನ್ನೆ ಅಲ್ಲೇ ಕಣ್ಣು ಮುಚ್ಚಿದ್ದರು. ಅಷ್ಟು ವರ್ಷ ಒಮ್ಮೆಯೂ ಈ ಮೆಟ್ಟಿಲು ಹತ್ತದ ಅಣ್ಣ ಇವತ್ತು ಹತ್ತಿದ್ದ. ಈಗ ಸೊಂಟ ಬಗ್ಗಿಸಿ ಬರೀ ತೋಳಿನಲ್ಲಿ ಭಾರ ಹಿಡಿದಿದ್ದ. ಹಿಡಿತ ಜಾರುತ್ತಿತ್ತು.

ಅವನಿಗಿಂತ ಎರಡು ಮೆಟ್ಟಿಲು ಕೆಳಗೆ ಮೇಡಂನ ಶಿಷ್ಯೆ ಟೈಲರಮ್ಮ ನಿಂತಿದ್ದಳು.

"ಸಾರ್, ನಾನು ಹಿಡೀತೀನಿ."

"ನೀನು ಆಚೆ ಸರಿಯಮ್ಮ ಮೊದ್ಲು. ನೀನಿದ್ರೆ ಇಲ್ಲಿ ಗಾಳಿಗೂ ಜಾಗ ಇರಲ್ಲ."

ಮೇಲೆ ನಿಂತ ನೆಂಟರಲ್ಲಿ ಯಾರೋ ಕಿಸಕ್ಕೆಂದರು. ದಪ್ಪಗಿರುವವರನ್ನು ಕಂಡರೆ ಸಾವಿನ ಮನೆಯಲ್ಲೂ ಜನಕ್ಕೆ ನಗು ತಡೆಯುವುದಿಲ್ಲ, ಏನು ಮಾಡೋಣ! ಟೈಲರಮ್ಮ ಗೋಡೆಗೆ ಒತ್ತಿಕೊಂಡಳು.

*

ಮೊದಲ ದಿನ ಹಾಲ್‌ನಲ್ಲೂ ಅವಳು ಹೀಗೇ ಗೋಡೆ ಹಿಡಿದು ನಿಂತಿದ್ದಳು. ಊರವರ ಅಳತೆಯೆಲ್ಲ ತೆಗೆಯುವವಳು ತನ್ನ ಅಳತೆ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

"ತೂಕ ಇಳಿಸ್ಬೇಕು ಮೇಡಂ."

"ಇಳಿಸೋಣ ಬಿಡು. ಮೊದ್ಲು ಇರೋ ತೂಕದಲ್ಲಿ ನಿಂತ್ಕೊಳ್ಳೋದು ಕಲಿ. ಕಾಲು ಅಗಲಿಸು. ಮಂಡಿ ಬಗ್ಗಿಸು, ಬೆನ್ನಲ್ಲ! ಉಸಿರು ಹೊಟ್ಟೆಗೆ ತಗೋ. ಹೀಗೆ ಹೊಟ್ಟೆ ಎಳ್ಕೊಂಡ್ರೆ ಉಸಿರು ಎಲ್ಲಿಗೆ ಹೋಗುತ್ತೆ ಪುಣ್ಯಾತ್ಗಿತ್ತಿ?"

ಕಡ್ಡಿಯಂತಿದ್ದ ಮೇಡಂ ಓಡಿಬಂದು ಭುಜ ಕೊಟ್ಟು ಗುದ್ದಿದರು. ಟೈಲರಮ್ಮ ಅಲುಗಲಿಲ್ಲ. ಮೇಡಂ ತಾವೇ ಹಿಂದಕ್ಕೆ ಬಿದ್ದು, ಕೂತಲ್ಲೇ ಬಿದ್ದು ಬಿದ್ದು ನಕ್ಕರು.

"ನಮ್ಮಣ್ಣ ಹೇಳ್ತಿದ್ದ, ಒದೆಯೋ ಹೆಣ್ಣನ್ನ ಯಾರು ಕಟ್ಕೋತಾರೆ ಅಂತ. ಯಾರೂ ಕಟ್ಕೊಳ್ಳಲಿಲ್ಲ ಕಣೇ. ಹೋಗ್ಲಿ, ಇಂಥ ನಗು ಅವನಿಗೆಲ್ಲಿ ಸಿಗ್ಬೇಕು!"

*

"ಅಯ್ಯೋ, ಕೈ ಬಿಡ್ತು!"

ಅಣ್ಣ ಕೂಗುತ್ತಿದ್ದಂತೆ ಸ್ಟ್ರೆಚರ್ ಒಂದು ಮೆಟ್ಟಿಲು ಧಡ್ಡನೆ ಇಳಿಯಿತು. ಹೊದಿಕೆ ಸರಿದು ಮೇಡಂನ ಪಾದ ಕಾಣಿಸಿತು. ಇನ್ನೊಮ್ಮೆ ಜಾರಿದರೆ ದೇಹ ಎಲ್ಲರ ಕಣ್ಣೆದುರು ಉರುಳುವುದೇ. ಟೈಲರಮ್ಮನಿಗೆ ತಡೆಯಲಾಗದ ಸಿಟ್ಟು ಬಂತು.

"ಸರೀರಿ ಆಚೆ!"

ಸಾರೂ ಇಲ್ಲ, ಗೀರೂ ಇಲ್ಲ. ಅಣ್ಣ ಬೆಚ್ಚಿ ಗೋಡೆಗೆ ಆತುಕೊಂಡ. ಅವಳು ಮಂಡಿ ಬಗ್ಗಿಸಿ ಕೆಳತುದಿಯನ್ನು ಎದೆಗೊತ್ತಿ ಹಿಡಿದಳು. ಭಾರವೆಲ್ಲ ಅವಳ ಮೇಲೆ ಬಂತು. ಉಸಿರೆಳೆದಾಗ ಹೊಟ್ಟೆ ಉಬ್ಬಿತು. ನೆಂಟರೆಲ್ಲ ನೋಡುತ್ತಿದ್ದರು. ನೋಡಲಿ.

"ಡ್ರೈವರಣ್ಣ, ನಾನು ಹೂಂ ಅಂದಾಗ ಒಂದೇ ಮೆಟ್ಟಿಲು. ಬೆನ್ನು ಬಗ್ಗಿಸ್ಬೇಡ. ಹೂಂ."

ಹಿಮ್ಮುಖವಾಗಿ, ಪಾದದಿಂದ ಮೆಟ್ಟಿಲು ತಡವುತ್ತ, ಅವಳು ಇಳಿದಳು. ಕೆಳಗಿನವರೆಗೂ ಹೂಂ, ಹೂಂ ಎನ್ನುತ್ತಲೇ ಇಳಿಸಿದಳು.

ಮೇಡಂ ಅವರನ್ನು ಗಾಡಿಯೊಳಗೆ ಮಲಗಿಸಿದ ಮೇಲೆ ಅಣ್ಣ ಮುಂದಿನ ಸೀಟಿಗೆ ಹತ್ತಿ ಕೂತ. ಹೊರಗೆ ಬೆವರೊರೆಸಿಕೊಳ್ಳುತ್ತಿದ್ದವಳನ್ನು ನೋಡಿ ತಡವರಿಸಿದ.

"ಸ್ಮಶಾನದಲ್ಲಿ ಇಳಿಸೋಕೂ... ನೀವು ಬರ್ತೀರೇನಮ್ಮ?"

"ಬರ್ತೀನಿ. ಸರ್ಕೊಳ್ಳಿ."

ಬಸ್ಸಿನಲ್ಲಿ ಯಾವಾಗಲೂ ಸೀಟಿನ ಅಂಚಿಗೆ ಕೂರುವವಳು ಹತ್ತಿ, ಬೆನ್ನು ಒರಗಿಸಿ, ಸೀಟಿನ ತುಂಬ ಕೂತಳು. ಅಣ್ಣ ಮೊಣಕೈ ಮಡಿಚಿಕೊಂಡು ಡ್ರೈವರಿನ ಕಡೆಗೆ ಸರಿದ, ಇನ್ನೂ ಸ್ವಲ್ಪ ಸರಿದ.