ಆಯುಧಪೂಜೆಯ ಡಾಲರ್

"ಕಂಪ್ಯೂಟರ್ ಆಫ್ ಮಾಡಿದ್ಯೇನೇ?" ವಿಭೂತಿ ಬಟ್ಟಲು ಹಿಡಿದು ಮಹಡಿ ಕೋಣೆಯ ಬಾಗಿಲಲ್ಲೇ ನಿಂತು ಭಾಗ್ಯಮ್ಮ ಕೇಳಿದರು.

"ಆಫ್ ಮಾಡಿದೀನಿ ಬಾಮ್ಮ," ಎಂದಳು ಮಗಳು ಮಂಜುಶ್ರೀ.

ಅವಳು ಆಫ್ ಮಾಡಿದ್ದು ಪರದೆಯನ್ನು ಮಾತ್ರ. ಮೇಜಿನ ಕೆಳಗಿನ ಕರಿ ಪೆಟ್ಟಿಗೆ ಗುಂಯ್ ಎನ್ನುತ್ತಲೇ ಇತ್ತು. ಆ ಸದ್ದು ಅಮ್ಮನ ಕಿವಿಗೆ ಬೀಳದಿರಲೆಂದು ಸೀಲಿಂಗ್ ಫ್ಯಾನನ್ನು ಜೋರಾಗಿ ತಿರುಗಲು ಬಿಟ್ಟಿದ್ದಳು. ಭಾಗ್ಯಮ್ಮ ಪೆಟ್ಟಿಗೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ ಕೈಮುಗಿದರು. ಆ ಮನೆಯಲ್ಲಿ ಆಯುಧಪೂಜೆ ಆದಮೇಲೆ ಪೂಜೆಗೆ ಕೂತ ಯಾವುದನ್ನೂ ಮಾರನೇ ದಿನದವರೆಗೆ ಮುಟ್ಟುವ ಹಾಗಿಲ್ಲ. ಕೆಳಗೆ ಟ್ರಾಕ್ಟರು, ಕಾರು, ಬೋರ್‌ವೆಲ್ಲಿನ ಸ್ಟಾರ್ಟರು, ಮಿಕ್ಸಿ, ಈಳಿಗೆಮಣೆ ಎಲ್ಲವೂ ಹೂ ಮುಡಿದು ಸುಮ್ಮನೆ ಕೂತಿದ್ದವು. ಅಮ್ಮನ ಜತೆಗೆ ದೇವಿಗೂ ಟೋಪಿ ಹಾಕಿದೆನಲ್ಲ ಎಂದು ಮಂಜುಶ್ರೀಗೆ ಒಳಗೊಳಗೇ ನಗು ಬಂತು.

ಟೋಪಿ ಹಾಕದೆ ಬೇರೆ ದಾರಿ ಇರಲಿಲ್ಲ. ಇವತ್ತು ಪರೀಕ್ಷೆಯ ಕೊನೆಯ ದಿನ.

ಪರೀಕ್ಷೆ ಇಟ್ಟವರು ಬೊಮ್ಮನಹಳ್ಳಿಯ ಶ್ಯಾಮಲಾ. ಅವರದು ಮಕ್ಕಳ ಫ್ರಾಕು ಹೊಲಿದು ಹೊರದೇಶಕ್ಕೆ ಕಳಿಸುವ ಸಣ್ಣ ಗಾರ್ಮೆಂಟ್ಸು. ಬಟ್ಟೆ ಇವತ್ತು ಹೋದರೆ ಡಾಲರು ಬರುವುದು ಎರಡು ತಿಂಗಳಿಗೆ. ಅಷ್ಟರೊಳಗೆ ಡಾಲರಿನ ಬೆಲೆ ಇಳಿದರೆ ಹೊಲಿದದ್ದೆಲ್ಲ ದಂಡ. ಅದಕ್ಕೇ ಮುಂದೆ ಬರುವ ಡಾಲರನ್ನು ಇವತ್ತಿನ ಬೆಲೆಗೇ ಮಾರಿಡುವ ಫ್ಯೂಚರ್ಸ್ ಮಾರುಕಟ್ಟೆಯಿದೆ. ಆದರೆ ಮಾರುವುದು ಯಾವಾಗ? ಇಳಿದರೆ ನಾಳೆ ಏರುತ್ತದೆ ಅನ್ನಿಸುತ್ತದೆ, ಏರಿದರೆ ಇನ್ನೂ ಏರಲಿ ಅನ್ನಿಸುತ್ತದೆ. ಶ್ಯಾಮಲಾ ಹಾಗೆ ಅನ್ನಿಸಿಕೊಂಡೇ ಎರಡು ಸಲ ಕೈ ಸುಟ್ಟುಕೊಂಡಿದ್ದರು. ಮಂಜುಶ್ರೀಯ ಪ್ರೋಗ್ರಾಮು ಹಾಗಲ್ಲ; ಮಾರುಕಟ್ಟೆ ತೆರೆದಷ್ಟು ಹೊತ್ತೂ ಬೆಲೆ ನೋಡುತ್ತ ಕೂತಿದ್ದು, ಮೊದಲೇ ಗೊತ್ತುಮಾಡಿದ ಒಂದು ಗೆರೆ ದಾಟಿ ಇಳಿದ ತಕ್ಷಣ ತಾನೇ ಮಾರಿಬಿಡುತ್ತದೆ. ಇದ್ದ ಕೆಲಸ ಬಿಟ್ಟು, ಎರಡು ವರ್ಷ ಈ ಕೋಣೆಯಲ್ಲೇ ಕೂತು ಅವಳು ಅದನ್ನು ಬರೆದಿದ್ದಳು.

"ಇದಕ್ಕೆ ಆಸೆನೂ ಇಲ್ಲ, ಭಯನೂ ಇಲ್ಲ ಮೇಡಂ," ಎಂದು ಹೇಳಿ ಒಪ್ಪಿಸಿದ್ದಳು. ಶ್ಯಾಮಲಾ ಒಂದೇ ಒಂದು ಲೋಡಿನ ಡಾಲರನ್ನು ಅದರ ಕೈಗೆ ಕೊಟ್ಟು, "ಆಯುಧಪೂಜೆವರೆಗೂ ನೋಡ್ತೀನಿ. ಸರಿಹೋದ್ರೆ ನಂದೆಲ್ಲಾ ನಿಮಗೇ," ಎಂದಿದ್ದರು. ಅವರು ಒಪ್ಪಿದರೆ ಅವರ ಪರಿಚಯದ ಇನ್ನೂ ನಾಲ್ಕಾರು ಗಾರ್ಮೆಂಟ್ಸಿನವರು ಹಿಂದೆಯೇ ಬರುವವರಿದ್ದರು. ಒಪ್ಪದಿದ್ದರೆ ಮಂಜುಶ್ರೀ ಮತ್ತೆ ಎಲ್ಲಾದರೂ ಕೆಲಸ ಹುಡುಕಬೇಕು.

ಅಮ್ಮ ಇಳಿದು ಹೋಗಿ ಸ್ವಲ್ಪ ಹೊತ್ತಿಗೆ ಶ್ಯಾಮಲಾ ಫೋನು ಬಂತು. ಹಿಂದೆ ಗಂಟೆ, ಮಂಗಳಾರತಿಯ ಗಲಾಟೆ.

"ಮಂಜುಶ್ರೀ, ಡಾಲರ್ ಜಾರ್ತಾ ಇದ್ಯಲ್ರೀ. ನಿಮ್ಮ ಮಿಷಿನ್ ಮಾರ್ಬಿಡ್ತು ತಾನೆ?"

"ಮಾರಿರುತ್ತೆ ಮೇಡಂ. ನೋಡಿ ಹೇಳ್ತೀನಿ."

ಅವಳು ಬಾಗಿಲು ಮುಂದೆ ಮಾಡಿ ಕಂಪ್ಯೂಟರಿನ ಪರದೆ ಆನ್ ಮಾಡಿದಳು. ಅಲ್ಲಿ ಒಂದೇ ಸಾಲು ಇತ್ತು: ಇಂದು ಮಾರುಕಟ್ಟೆಗೆ ರಜೆ.

ಯಾವ ರಜೆ? ಮಾರುಕಟ್ಟೆಗೆ ರಜೆ ಇರುವುದು ನಾಳೆ, ವಿಜಯದಶಮಿಗೆ. ಆಮೇಲೆ ಅವಳಿಗೆ ನೆನಪಾಯಿತು. ಜನವರಿಯಲ್ಲಿ ಮುಂಬೈ ಮಾರುಕಟ್ಟೆಯ ರಜಾ ದಿನಗಳನ್ನೆಲ್ಲ ಪ್ರೋಗ್ರಾಮಿಗೆ ತುಂಬಿಸುತ್ತಿದ್ದಾಗ ಆ ಪಟ್ಟಿಯಲ್ಲಿ ಆಯುಧಪೂಜೆ ಕಾಣಲಿಲ್ಲ. ಪಾಪ, ಅಚ್ಚು ಹಾಕುವಾಗ ಬಿಟ್ಟುಹೋಗಿರಬೇಕು ಎಂದುಕೊಂಡು ಅವಳೇ ಸೇರಿಸಿದ್ದಳು. ಆಯುಧಪೂಜೆಯ ದಿನ ಲೋಕದಲ್ಲಿ ಯಾರಾದರೂ ಕೆಲಸ ಮಾಡಿಯಾರು ಎಂಬ ಅನುಮಾನವೇ ಅವಳಿಗೆ ಬಂದಿರಲಿಲ್ಲ. ಅಮ್ಮನಿಗೆ ಹೇಳಿದ ಸುಳ್ಳು ಹೀಗೆ ನಿಜವಾಗಿತ್ತು. ಪೆಟ್ಟಿಗೆ ಬೆಳಗ್ಗೆಯಿಂದ ಶ್ರದ್ಧೆಯಾಗಿ ಹಬ್ಬ ಮಾಡುತ್ತ ಕೂತಿತ್ತು.

ಮೊಬೈಲು ತೆಗೆದು ನೋಡಿದರೆ ಬೆಲೆ ಗೆರೆ ದಾಟಿ ಎಷ್ಟೋ ಹೊತ್ತಾಗಿತ್ತು. ಶ್ಯಾಮಲಾ ಖಾತೆ ಅವಳ ಮೊಬೈಲಿನಲ್ಲೂ ಇತ್ತು. ಒಂದು ಸಲ ಒತ್ತಿದರೆ ಮಾರಿಹೋಗುತ್ತಿತ್ತು. ಆದರೆ ಈಗ ಮಾರಿದರೆ ಮಾರಿದ ಬೆಲೆಯೇ ಎಲ್ಲವನ್ನೂ ಹೇಳಿಬಿಡುತ್ತದೆ. ಸ್ವಲ್ಪ ಏರಲಿ, ಗೆರೆಯ ಹತ್ತಿರ ಬರಲಿ, ಆಗ ಮಾರಿದರೆ ಯಾರಿಗೂ ತಿಳಿಯುವುದಿಲ್ಲ. ಸ್ವಲ್ಪ ಹೊತ್ತು ಅಷ್ಟೇ.

ಬೆಲೆ ಎರಡು ಪೈಸೆ ಏರಿತು. ಅವಳಿಗೆ ಜೀವ ಬಂದ ಹಾಗಾಯಿತು. ಇನ್ನೊಂದು ಪೈಸೆ ಏರಿತು. ಬಾ, ಬಾ ಎಂದು ಹಸುವನ್ನು ಕರೆಯುವಂತೆ ಮೊಬೈಲಿನ ಪರದೆಯನ್ನು ಕರೆದಳು. ಅಲ್ಲಿಂದ ಅದು ದಡಕ್ಕನೆ ಇಳಿಯಿತು, ಹಿಂದೆ ಇದ್ದದ್ದಕ್ಕಿಂತ ಎಷ್ಟೋ ಕೆಳಗೆ. ಮತ್ತೆ ಏರುತ್ತದೆ ಎಂದು ಕಾದಳು. ಏರಲಿಲ್ಲ. ಮನುಷ್ಯರು ಹೀಗೆ ಮಾಡಬಾರದೆಂದೇ ಎರಡು ವರ್ಷ ಪ್ರೋಗ್ರಾಮು ಬರೆದವಳು ತಾನೇ ಅಲ್ಲವೇ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕಣ್ಣು ಮುಚ್ಚಿ ಒತ್ತಿದಳು. ಡಾಲರು ಮಾರಿಹೋಯಿತು.

"ಮಗಾ, ಕುಂಬಳಕಾಯಿ ಒಡೀಬೇಕು ಬಾರವ್ವ, ಎಲ್ಲಾ ಕಾಯ್ತಾವ್ರೆ," ಎನ್ನುತ್ತ ಅಪ್ಪ ಗೋಪಾಲಪ್ಪ ಬಾಗಿಲು ತಳ್ಳಿದರು. ಪರದೆಯ ಬೆಳಕು ಕಂಡು ನಿಂತರು. "ಪೂಜೆ ಆಗಿರೋದ್ನ ಮುಟ್ಟಿದ್ಯಾ?"

"ಅಪ್ಪ, ತಪ್ಪಾಗೋಯ್ತು," ಎಂದಳು. ಹೇಳುತ್ತ ಹೇಳುತ್ತ ಅಳು ಬಂತು.

ಗೋಪಾಲಪ್ಪನಿಗೆ ಡಾಲರಿನ ವಿಷಯ ಅಷ್ಟಕ್ಕಷ್ಟೇ. ಆದರೆ ಅವರು ಹೊಲವಿದ್ದ ಜಾಗದಲ್ಲಿ ಮೂರು ಮಹಡಿ ಎಬ್ಬಿಸಿ, ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ಹುಡುಗರಿಗೆ ಬಾಡಿಗೆಗೆ ಕೊಟ್ಟವರು. ನೀರು ಯಾಕಿಲ್ಲ, ಲಿಫ್ಟು ಯಾಕಿಲ್ಲ ಎಂದು ಕೇಳುವವರಿಗೆ ಉತ್ತರ ಕೊಟ್ಟು ಪಳಗಿದವರು. ಮಗಳ ಮಾತೆಲ್ಲ ಕೇಳಿ, "ಕರೆಂಟ್ ಓಗಿತ್ತು ಅಂತ ಏಳು," ಎಂದರು.

"ಹೋಗಿರ್ಲಿಲ್ವಲ್ಲಪ್ಪ."

"ಅದು ಅವ್ರಿಗೆಂಗ್ ಗೊತ್ತಾಯ್ತದೆ? ಅವ್ರು ಕೂತಿರೋದು ಬೊಮ್ಮನಳ್ಳೀಲಿ. ಈ ಕಡೆ ಕರೆಂಟ್ ಓಗದ ದಿನ ಯಾವ್ದೈತೆ?"

"ಸುಳ್ಳು ಹೇಳಲ್ಲ. ನಂದೇ ತಪ್ಪು ಅಂತೀನಿ."

"ಏಳು, ಬ್ಯಾಡ ಅಂದೋರ್ಯಾರು. ಎರಡು ವರ್ಸ ಊಟ ನಿದ್ದೆ ಬಿಟ್ಟು ಮಾಡಿದ್ದು. ಒಂದ್ ದಿನಕ್ಕೋಸ್ಕರ ನೀರಿಗಾಕು." ಬೈಯುವಂತೆ ಹೇಳಿದರೂ ಅವರ ಕೈ ಮಗಳ ತಲೆಯ ಮೇಲಿತ್ತು. ಅವಳು ಆ ಕೈ ಸರಿಸಿ ಶ್ಯಾಮಲಾಗೆ ಫೋನು ಮಾಡಿದಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಿದ್ದಳು.

"ಮೇಡಂ, ಮಿಷಿನ್ ಮಾರಿರ್ಲಿಲ್ಲ. ಈಗ ನಾನೇ ಕೈಯಿಂದ ಮಾರಿದೆ. ಬೆಲೆ ತುಂಬಾ ಇಳಿದಿತ್ತು."

ಆ ಕಡೆ ಮಂಗಳಾರತಿ ಮುಗಿದಿತ್ತು. "ಯಾಕೆ ಮಾರಿಲ್ಲ? ಮಿಷಿನ್‌ದೇ ತಪ್ಪಾ? ನೋಡಿ ಮಂಜುಶ್ರೀ, ತಪ್ಪು ಮಾಡೋದಾದ್ರೆ ನಾನೇ ಮಾಡ್ಕೋತೀನಿ, ಮಿಷಿನ್ ಯಾಕೆ ಬೇಕು ನನಗೆ?"

ಅವಳು ಅಪ್ಪನ ಕಡೆ ನೋಡಲಿಲ್ಲ.

"ಮಿಷಿನ್‌ದಲ್ಲ ಮೇಡಂ," ಎಂದಳು. "ಕರೆಂಟ್ ಹೋಗಿತ್ತು."

"ಯುಪಿಎಸ್ ಇಲ್ವಾ?"

"ಇದೆ. ಅರ್ಧ ಗಂಟೆ ಬಂತು, ಆಮೇಲೆ ನಿಂತೋಯ್ತು."

ಮೊದಲ ಸುಳ್ಳು ತಡವರಿಸಿಕೊಂಡು ಬಂದಿತ್ತು. ಎರಡನೆಯದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ದಿಗಿಲಾಯಿತು.

"ಅಯ್ಯೋ, ಅಷ್ಟೇನಾ!" ಶ್ಯಾಮಲಾ ಉಸಿರು ಬಿಟ್ಟರು. "ನಾನು ಏನೋ ಅಂದ್ಕೊಂಡೆ ಕಣ್ರೀ. ಕರೆಂಟಿಗೆ ನೀವೇನ್ಮಾಡ್ತೀರ? ಹೋಗಿದ್ದು ಹೋಯ್ತು. ದೀಪಾವಳಿಗೆ ನಮ್ಮ ಹುಡುಗೀರಿಗೆಲ್ಲ ಸೀರೆ ಕೊಡೋಣ ಅಂತಿದ್ದೆ, ಈ ಸಲ ಸ್ವೀಟ್ ಬಾಕ್ಸಲ್ಲೇ ಮುಗಿಸ್ತೀನಿ. ಒಂದು ಕೆಲಸ ಮಾಡಿ. ನಾಳೆ ಒಳ್ಳೆ ದಿನ, ಒಂದು ಜನರೇಟರ್ ತಗೊಂಡ್ಬಿಡಿ. ಓಡ್ತಿರೋ ಫೋಟೋ ಕಳಿಸಿ, ಸೋಮವಾರದಿಂದ ನಂದೆಲ್ಲಾ ನಿಮ್ಮ ಮಿಷಿನ್‌ಗೇ."

ಫೋನು ಇಟ್ಟ ಮೇಲೆ ಅವಳಿಗೆ ಖುಷಿಯಾಯಿತು. ಖುಷಿಯಾಗಿದ್ದಕ್ಕೆ ನಾಚಿಕೆಯೂ ಆಯಿತು. ಅವಳು ರಜಾ ದಿನಗಳಿಂದ ಆಯುಧಪೂಜೆಯನ್ನು ಅಳಿಸಿ, ಪರದೆ ಆರಿಸಿ ಕೆಳಗಿಳಿದಳು. ಗೋಪಾಲಪ್ಪ ಆಗಲೇ ಯಾರಿಗೋ ಫೋನು ಮಾಡಿ ಜನರೇಟರಿನ ರೇಟು ಕೇಳುತ್ತಿದ್ದರು.

ಮಾರನೇ ದಿನ ಸಂಜೆ ಗೂಡ್ಸ್ ಆಟೋದಲ್ಲಿ ಆನೇಕಲ್ಲಿನಿಂದ ಜನರೇಟರ್ ಬಂತು. ಭಾಗ್ಯಮ್ಮ ಅದಕ್ಕೂ ಕುಂಕುಮ ಇಟ್ಟರು. ಗೋಪಾಲಪ್ಪ ತೆಂಗಿನಕಾಯಿ ಒಡೆದು, ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚು ಇಳಿಸಿದರು. ಮೂರು ಮಹಡಿಯೂ ಒಮ್ಮೆಗೇ ಕತ್ತಲಾಯಿತು. ಜನರೇಟರಿನ ಹಗ್ಗ ಜಗ್ಗಿದಾಗ ಅದು ಹೊಗೆ ಬಿಟ್ಟು ಕೆಮ್ಮಿ ಓಡತೊಡಗಿತು. ಮಂಜುಶ್ರೀಯ ಕೋಣೆಯೊಂದರಲ್ಲೇ ದೀಪ ಹತ್ತಿತು.

"ಅಂಕಲ್, ಕರೆಂಟ್ ಹೋಯ್ತಾ?" ಮೇಲಿನ ಮಹಡಿಯಿಂದ ಬಾಡಿಗೆ ಹುಡುಗನೊಬ್ಬ ಬಗ್ಗಿ ಕೂಗಿದ.

"ಊ ಕಣಪ್ಪ, ಓಗೈತೆ!" ಎಂದು ಗೋಪಾಲಪ್ಪ ಹುಮ್ಮಸ್ಸಿನಲ್ಲಿ ಕೂಗಿದರು. "ತಗಿ ಮಗಾ ಫೋಟೋ, ಬೇಗ."

ಮಂಜುಶ್ರೀ ಮೊಬೈಲು ಎತ್ತಿ ಹಿಡಿದಳು. ಜನರೇಟರು, ಅದರ ಹೊಗೆ, ಕುಂಕುಮ, ಪಕ್ಕದಲ್ಲಿ ಕೈಕಟ್ಟಿ ನಿಂತ ಅಪ್ಪ ಎಲ್ಲವೂ ಸರಿಯಾಗಿ ಬಂದಿದ್ದವು. ಅಪ್ಪನ ಹೆಗಲ ಹಿಂದೆ ಎದುರು ಮನೆಯವರು ಹಬ್ಬಕ್ಕೆ ಹಾಕಿದ ಸೀರಿಯಲ್ ಸೆಟ್ಟು ಕೆಂಪು ಹಸಿರಾಗಿ ಜಗಮಗಿಸುತ್ತಿತ್ತು. ಅವಳು ಎರಡು ಹೆಜ್ಜೆ ಎಡಕ್ಕೆ ಸರಿದು, ಅದು ಬಾರದ ಹಾಗೆ ಹಿಡಿದು ಒತ್ತಿದಳು.